ತಾಮ್ರದ ಹಾದಿಯಲ್ಲಿ ಬ್ರೂಸ್ ಫೂಟ್

ಪೀಣ್ಯದ ಯಾವುದಾದರೂ ಒಂದು ಕ್ರಾಸಲ್ಲಿ ನಿಂತು ಒಳಗೆ ಹೋದರೆ, ನಾಲ್ಕು ಶೆಡ್ಡಿಗೆ ಒಂದರಲ್ಲಾದರೂ ತಾಮ್ರದ ಕೆಲಸ ನಡೀತಿರುತ್ತೆ. ಮೋಟಾರ್ ವೈಂಡಿಂಗ್, ಟ್ರಾನ್ಸ್‌ಫಾರ್ಮರ್ ಕಾಯಿಲ್, ಪ್ಯಾನೆಲ್ ಬೋರ್ಡಿನ ಬಸ್‌ಬಾರ್. ಎಲೆಕ್ಟ್ರಾನಿಕ್ ಸಿಟಿ ಕಡೆ ಹೋದರೆ ಅದೇ ತಾಮ್ರ ಪಿಸಿಬಿ ಮೇಲೆ ಗೆರೆಗೆರೆಯಾಗಿ ಕೂತಿರುತ್ತೆ. ಇಷ್ಟೊಂದು ತಾಮ್ರ ಮುಟ್ಟುವ ನಮ್ಮನ್ನು ಯಾರಾದರೂ ಕರ್ನಾಟಕದಲ್ಲಿ ತಾಮ್ರದ ಗಣಿ ಇತ್ತಾ ಅಂತ ಕೇಳಿದರೆ ಸುಮ್ಮನೆ ಮುಖ ಮುಖ ನೋಡ್ಕೋತೀವಿ.

ಇತ್ತು. ಪೀಣ್ಯದ ಮುಂದೆ ಹಾದುಹೋಗುವ ಅದೇ ಹೈವೇ ಹಿಡಿದು ತುಮಕೂರು, ಹಿರಿಯೂರು ದಾಟಿ ಸುಮಾರು 200 ಕಿಲೋಮೀಟರ್ ಹೋದರೆ ಚಿತ್ರದುರ್ಗ. ಅದರ ಆಗ್ನೇಯಕ್ಕೆ, ಊರಿಗೆ ಹತ್ತಿರದಲ್ಲೇ ಇಂಗಳದಾಳು. ಈ ಸಂಚಿಕೆಗೆ ಆ ಗಣಿಯ ಬಗ್ಗೆ ಬರೆಯೋಣ ಅಂತಲೇ ನಾವು ಶುರು ಮಾಡಿದ್ದು. ಆದರೆ ಇಂಗಳದಾಳಿನ ಕಥೆಯನ್ನು ಹಿಂದಕ್ಕೆ ಎಳೆಯುತ್ತಾ ಹೋದರೆ ಒಬ್ಬ ಮನುಷ್ಯನ ಹೆಸರು ಬಂದೇ ಬರುತ್ತೆ: ರಾಬರ್ಟ್ ಬ್ರೂಸ್ ಫೂಟ್. ಇತಿಹಾಸದ ಪುಸ್ತಕದಲ್ಲಿ ಹಳೇ ಶಿಲಾಯುಗದ ಪಾಠದಲ್ಲಿ ಈ ಹೆಸರು ನೋಡಿರ್ತೀರ. ಭಾರತದ ಪ್ರಾಗಿತಿಹಾಸದ ಪಿತಾಮಹ ಅಂತ ಒಂದು ಮಾರ್ಕಿನ ಪ್ರಶ್ನೆಗೆ ಉತ್ತರ. ಆದರೆ ಅವರ ಸಂಬಳದ ಕೆಲಸ ಅದಲ್ಲ. ಅವರು ಭೂವಿಜ್ಞಾನಿ, ಕಲ್ಲಿನ ನಕ್ಷೆ ಬರೆಯುವವರು. ನಾವು ಬರೆಯಹೊರಟಿರುವುದು ಆ ಫೂಟ್ ಬಗ್ಗೆ.

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರ ಕೊನೆಗೆ, ಇಪ್ಪತ್ನಾಲ್ಕನೇ ವಯಸ್ಸಿಗೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿ ಮದ್ರಾಸ್ ಕಡೆಗೆ ಬಂದರು. ಆಗ ಆ ಸಂಸ್ಥೆಗೆ ಥಾಮಸ್ ಓಲ್ಡ್‌ಹ್ಯಾಮ್ ಮುಖ್ಯಸ್ಥರು. ವಯಸ್ಸು ಗಮನಿಸಿ, ನಮ್ಮ ಸೀನಿಯರ್‌ಗಳು ಮೊದಲ ಕೆಲಸ ಬಿಟ್ಟು ಎರಡನೇ ಕೆಲಸ ಹುಡುಕುವ ವಯಸ್ಸು. ಫೂಟ್ ಬಿಡಲಿಲ್ಲ. 33 ವರ್ಷ ಅದೇ ಸಂಸ್ಥೆಯಲ್ಲಿದ್ದರು, 1891ರಲ್ಲಿ ನಿವೃತ್ತಿ. ಮದುವೆಯಾಗಿದ್ದು ತಮಿಳು ವಿದ್ವಾಂಸರೂ ಪಾದ್ರಿಯೂ ಆಗಿದ್ದ ಪೀಟರ್ ಪರ್ಸಿವಲ್ ಅವರ ಮಗಳನ್ನು. ಹಾಗಾಗಿ ಈ ಕಡೆಯ ನೆಲದ ಜೊತೆಗಿನ ನಂಟು ಬರೀ ಆಫೀಸಿನದ್ದಲ್ಲ.

ಆ ಕೆಲಸ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. ಮಳೆ ನಿಂತು ಚಳಿಗಾಲ ಬಂದರೆ ಫೀಲ್ಡ್. ಎತ್ತಿನ ಗಾಡಿಯಲ್ಲಿ ಟೆಂಟು, ಕಲ್ಲಿನ ಸ್ಯಾಂಪಲ್ಲು. ತಾವು ಕುದುರೆ ಮೇಲೆ, ಬಹಳ ಕಡೆ ನಡೆದೇ. ಕೈಯಲ್ಲಿ ಸುತ್ತಿಗೆ, ದಿಕ್ಸೂಚಿ, ಪದರದ ಇಳಿಜಾರು ಅಳೆಯುವ ಸಾಧನ. ಬಿಸಿಲು ಏರಿದ ಮೇಲೆ ವಾಪಸ್ ಬಂದು ಬರೆಯುವುದು, ನಕ್ಷೆಗೆ ಬಣ್ಣ ತುಂಬುವುದು. ನಮ್ಮಲ್ಲಿ ಸಿವಿಲ್‌ನವರು ಒಂದು ವಾರ ಸರ್ವೇ ಕ್ಯಾಂಪ್ ಮಾಡಿ ಬಂದು ಒಂದು ತಿಂಗಳು ಅದನ್ನೇ ಹೇಳ್ಕೊಂಡು ತಿರುಗ್ತಾರೆ. ಈ ಮನುಷ್ಯ ಅದನ್ನೇ ಮೂರು ದಶಕ ಮಾಡಿದರು. ಚಿತ್ರ ಬರೆಯುವ ಕೈ ಕೂಡ ಚೆನ್ನಾಗಿತ್ತು. ಕ್ಯಾಮೆರಾ ಹೊತ್ತು ತಿರುಗುವುದು ಸುಲಭವಲ್ಲದ ಕಾಲದಲ್ಲಿ ಅದು ದೊಡ್ಡ ಅನುಕೂಲ.

ಇನ್ನು ಎಲ್ಲರಿಗೂ ಗೊತ್ತಿರುವ ಭಾಗ. 1863ರ ಮೇ 30. ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಜಲ್ಲಿಮಣ್ಣು ಅಗೆದ ಗುಂಡಿಯೊಂದರಲ್ಲಿ ಫೂಟ್‌ಗೆ ಒಂದು ಕಲ್ಲು ಕಾಣಿಸಿತು. ಅದು ತಾನಾಗಿ ಒಡೆದ ಕಲ್ಲಲ್ಲ, ಯಾರೋ ಬೇಕಂತಲೇ ಎರಡೂ ಬದಿ ಚಕ್ಕೆ ಎಬ್ಬಿಸಿ ಮಾಡಿದ ಕೈಗೊಡಲಿ. ಅದೇ ವರ್ಷ ಸೆಪ್ಟೆಂಬರ್ 28ಕ್ಕೆ ಸಹೋದ್ಯೋಗಿ ವಿಲಿಯಂ ಕಿಂಗ್ ಜೊತೆ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಸಿಕ್ಕವು. ಯುರೋಪಿನಲ್ಲಿ ಮನುಷ್ಯನ ವಯಸ್ಸು ತುಂಬಾ ಹಳೆಯದು ಅಂತ ವಿದ್ವಾಂಸರು ಒಪ್ಪಿ ನಾಲ್ಕೇ ವರ್ಷ ಆಗಿತ್ತು. ಇಲ್ಲಿ ಹಾಗೇನಾದರೂ ಇರಬಹುದು ಅಂತ ಯಾರೂ ಹುಡುಕ್ತಾ ಇರಲಿಲ್ಲ. ಅತ್ತಿರಂಪಾಕ್ಕಂ ಉಪಕರಣಗಳಿಗೆ ಸುಮಾರು 15 ಲಕ್ಷ ವರ್ಷ ಅಂತ ಲೆಕ್ಕ ಸಿಕ್ಕಿದ್ದು 2011ರಲ್ಲಿ. ಫೂಟ್‌ಗೆ ಆ ಸಂಖ್ಯೆ ಗೊತ್ತಾಗುವ ದಾರಿಯೇ ಇರಲಿಲ್ಲ. ಕಲ್ಲು ಯಾವ ಪದರದಲ್ಲಿದೆ ಅನ್ನೋದಷ್ಟೇ ಅವರ ಸಾಕ್ಷಿ.

ನಮಗೆ ಹೆಚ್ಚು ಇಷ್ಟವಾಗಿದ್ದು ಅದರ ನಂತರದ ಭಾಗ. ಯಾಕಂದರೆ ಅದು ನಡೆದದ್ದು ನಮ್ಮ ಊರುಗಳಲ್ಲಿ.

ಸರ್ಕಾರಕ್ಕೆ ಬೇಕಾಗಿದ್ದು ಕಲ್ಲಿದ್ದಲು, ಕಬ್ಬಿಣ, ಚಿನ್ನ, ತಾಮ್ರ. ಭೂವಿಜ್ಞಾನಿಗೆ ಸಂಬಳ ಕೊಡೋದೇ ಅದಕ್ಕೆ. ಫೂಟ್ ಬೆಳಗಾವಿ, ಕಲಾದಗಿ, ಧಾರವಾಡ ಸುತ್ತಿ 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಮೇಲೆ ದೊಡ್ಡ ವರದಿ ಪ್ರಕಟಿಸಿದರು. ಬಾಗಲಕೋಟೆ ಜಿಲ್ಲೆಯವರಿಗೆ ಒಂದು ಹೆಮ್ಮೆಯ ವಿಷಯ ಹೇಳ್ತೀವಿ: ಕಲಾದಗಿ ಅನ್ನೋ ಹೆಸರು ಭೂವಿಜ್ಞಾನದ ಪುಸ್ತಕಕ್ಕೆ ಹೋಗಿದ್ದು ಅಲ್ಲಿನ ಮರಳುಗಲ್ಲು, ಸುಣ್ಣಕಲ್ಲಿನ ಪದರಗಳಿಗೆ ಫೂಟ್ ಆ ಹೆಸರಿಟ್ಟಿದ್ದರಿಂದ.

ಅದಕ್ಕೂ ಮುಂಚೆ, 1874ರಲ್ಲಿ, ಅವರು ಡಂಬಳ ಬೆಟ್ಟಗಳ ಚಿನ್ನದ ಬಗ್ಗೆ ಬರೆದಿದ್ದರು. ಡಂಬಳ ಬೆಟ್ಟ ಅಂದರೆ ಈಗಿನ ಗದಗ ಜಿಲ್ಲೆಯ ಕಪ್ಪತಗುಡ್ಡ. ಅಲ್ಲಿ ತೊರೆಯ ಮರಳನ್ನು ಮರದ ತಟ್ಟೆಯಲ್ಲಿ ಜಾಲಿಸಿ ಚಿನ್ನದ ಕಣ ತೆಗೆಯುವ ಜಾಲಗಾರರು ತಲೆಮಾರುಗಳಿಂದ ಇದ್ದರು. ಯಾವ ತೊರೆಯಲ್ಲಿ ಮಳೆ ನಂತರ ಚಿನ್ನ ಇಳಿಯುತ್ತೆ, ಯಾವುದರಲ್ಲಿ ಇಳಿಯಲ್ಲ, ಎಲ್ಲ ಅವರಿಗೆ ಗೊತ್ತು. ಭೂವಿಜ್ಞಾನಿ ಬಂದು ಮಾಡಿದ್ದು ಅವರ ತೊರೆಗಳನ್ನು ಹಿಡಿದು ಮೇಲಕ್ಕೆ ಹತ್ತಿ ಯಾವ ಕಲ್ಲಿಂದ ಅದು ಬರುತ್ತಿದೆ ಅಂತ ನೋಡುವುದು. ಕಣ ಸಿಕ್ಕಿತು, ಆದರೆ ದೊಡ್ಡ ಆಸೆ ಹುಟ್ಟಿಸುವಷ್ಟಲ್ಲ. ಫೂಟ್ ಹಾಗೇ ಬರೆದರು. ಜಾಲಗಾರರ ಹೆಸರು ಮಾತ್ರ ನಕ್ಷೆಯಲ್ಲಿಲ್ಲ. ಬೆಟ್ಟ ತೋರಿಸಿದವರ, ಗಾಡಿ ಹೊಡೆದವರ, ಟೆಂಟು ಕಟ್ಟಿದವರ ಹೆಸರೂ ಇಲ್ಲ. ಫೂಟ್ ಬಗ್ಗೆ ನಮಗೆ ಗೌರವ ಇದೆ, ಆದರೂ ಇದನ್ನು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಕಪ್ಪತಗುಡ್ಡದ ಚಿನ್ನಕ್ಕೆ ಆಮೇಲೂ ಕಂಪನಿಗಳು ಬಂದವು, ಹೋದವು. ಜನ ಬೀದಿಗಿಳಿದರು. 2019ರಲ್ಲಿ ಅದು ವನ್ಯಜೀವಿ ಧಾಮ ಆಯಿತು.

1880ರ ಆಸುಪಾಸಿನಲ್ಲಿ ದಕ್ಷಿಣ ಭಾರತಕ್ಕೆ ಚಿನ್ನದ ಹುಚ್ಚು ಹಿಡಿದಿತ್ತು. ಲಂಡನ್ನಿನಲ್ಲಿ ಒಂದರ ಹಿಂದೆ ಒಂದು ಕಂಪನಿ, ಷೇರು ಮಾರಾಟ. ಈಗಿನ ಸ್ಟಾರ್ಟಪ್ ಫಂಡಿಂಗ್ ಸುದ್ದಿ ಓದಿದವರಿಗೆ ಇದು ಹೊಸದೇನಲ್ಲ. ವೈನಾಡಿನಲ್ಲಿ ಹಾಕಿದ ದುಡ್ಡು ಬಹುಪಾಲು ಮುಳುಗಿತು. ಕೋಲಾರದಲ್ಲೂ ಮುಳುಗುವುದರಲ್ಲಿತ್ತು, 1880ರ ದಶಕದ ಮಧ್ಯದಲ್ಲಿ ಚಾಂಪಿಯನ್ ಲೋಡ್ ಅನ್ನುವ ಅದಿರಿನ ಎಳೆ ಸಿಕ್ಕಿ ಉಳಿಯಿತು. ಇದೇ ಗಲಾಟೆಯ ನಡುವೆ ಫೂಟ್ ಮೈಸೂರು ಸಂಸ್ಥಾನವನ್ನು ಅಡ್ಡಡ್ಡ ಹಾಯ್ದು ಹೋದರು. ಆ ಓಡಾಟದ ಟಿಪ್ಪಣಿ ಪ್ರಕಟವಾಗಿದ್ದು 1882ರಲ್ಲಿ. ಸಂಸ್ಥಾನಕ್ಕಾಗಿಯೇ ಮಾಡಿದ ಚಿನ್ನದ ಪ್ರದೇಶಗಳ ವಿವರವಾದ ಸಮೀಕ್ಷೆ 1887ರದ್ದು.

ಈ ಅಡ್ಡ ನಡಿಗೆಯಲ್ಲಿ ಅವರು ಕಂಡಿದ್ದು ಏನು ಅಂತ ತಿಳಿಯಬೇಕಾದರೆ ಬೆಂಗಳೂರಿನ ಕಲ್ಲಿಂದ ಶುರು ಮಾಡೋಣ. ವೈಟ್‌ಫೀಲ್ಡಿನಲ್ಲಿ ಅಪಾರ್ಟ್‌ಮೆಂಟಿಗೆ ಅಂತ ಅಗೆದ ದೊಡ್ಡ ಗುಂಡಿಗಳನ್ನು ನೋಡಿರ್ತೀರ. ಕೆಂಪು ಮಣ್ಣಿನ ಕೆಳಗೆ ಬಿಳಿ, ಬೂದು ಪಟ್ಟೆಯ ಕಲ್ಲು ಸಿಗುತ್ತೆ. ಅದು ನೈಸ್. ಲಾಲ್‌ಬಾಗಿನ ಬಂಡೆಯೂ ಅದೇ ಜಾತಿ, ವಯಸ್ಸು ಸುಮಾರು 300 ಕೋಟಿ ವರ್ಷ. ಫೂಟ್‌ಗಿಂತ ಮುಂಚೆ ದಕ್ಷಿಣದ ಹಳೇ ಹರಳುಗಲ್ಲುಗಳನ್ನೆಲ್ಲ ಹೆಚ್ಚುಕಡಿಮೆ ಒಂದೇ ಚೀಲಕ್ಕೆ ಹಾಕಿ ನೈಸ್ ಅಂತ ಕರೆದು ಮುಗಿಸ್ತಿದ್ದರು. ಆದರೆ ಕೋಲಾರದಿಂದ ಪಶ್ಚಿಮಕ್ಕೆ ನಡೆದರೆ ಈ ಬೂದು ನೈಸ್ ಮಧ್ಯೆ ಮಧ್ಯೆ ಕಪ್ಪು, ಕಡು ಹಸಿರು ಕಲ್ಲಿನ ಉದ್ದುದ್ದ ಪಟ್ಟಿಗಳು ಅಡ್ಡ ಬರುತ್ತವೆ. ಉತ್ತರ ದಕ್ಷಿಣವಾಗಿ ನೂರಾರು ಕಿಲೋಮೀಟರ್ ಓಡುತ್ತವೆ. ಕೋಲಾರ ಒಂದು ಪಟ್ಟಿ. ಚಿತ್ರದುರ್ಗ ಇನ್ನೊಂದು. ಸಂಡೂರು, ಶಿವಮೊಗ್ಗ ಧಾರವಾಡದ ಕಡೆ ಮತ್ತೂ ಇವೆ. ಚಿನ್ನದ ಹಳೇ ಗುಂಡಿಗಳನ್ನು ಗುರುತು ಹಾಕುತ್ತಾ ಹೋದರೆ ಹೆಚ್ಚುಕಡಿಮೆ ಎಲ್ಲವೂ ಈ ಕಪ್ಪು ಪಟ್ಟಿಗಳ ಒಳಗೇ ಬೀಳುತ್ತವೆ.

ಫೂಟ್ ಈ ಪಟ್ಟಿಗಳನ್ನು ನೈಸ್‌ನಿಂದ ಬೇರೆ ಮಾಡಿ, ಎಲ್ಲವೂ ಒಂದೇ ಕುಟುಂಬ ಅಂತ ಹೇಳಿ, ಧಾರವಾಡ ಅಂತ ಹೆಸರಿಟ್ಟರು. 1880ರ ದಶಕದ ಕೊನೆಗೆ ಧಾರವಾಡ ಶಿಲಾವರ್ಗದ ಮೇಲೆ ಅವರ ಪ್ರಬಂಧಗಳು ಬಂದವು. ಇವತ್ತಿಗೂ ಪ್ರಪಂಚದ ಯಾವ ಮೂಲೆಯಲ್ಲಿ ಭೂಮಿಯ ಬಾಲ್ಯದ ಬಗ್ಗೆ ಓದುವವರಿದ್ದರೂ ಅವರ ಬಾಯಲ್ಲಿ ಧಾರವಾಡ ಇದ್ದೇ ಇರುತ್ತೆ, ಪೇಡಾಕ್ಕೂ ಅದಕ್ಕೂ ಸಂಬಂಧವಿಲ್ಲ.

ಒಬ್ಬ ಗಣಿ ಹುಡುಕುವವನಿಗೆ ಇದರಿಂದ ಏನು ಲಾಭ? ಹುಡುಕುವ ಜಾಗ ಸಣ್ಣದಾಗುತ್ತೆ. ಇಡೀ ಸಂಸ್ಥಾನ ಕೆದಕಬೇಕಿಲ್ಲ, ಈ ಪಟ್ಟಿಗಳನ್ನು ನೋಡಿದರೆ ಸಾಕು. ಕೋಡ್‌ನಲ್ಲಿ ಸರ್ಚ್ ಸ್ಪೇಸ್ ಕಡಿಮೆ ಮಾಡ್ತೀವಲ್ಲ, ಅದೇ.

ಈಗ ತಾಮ್ರಕ್ಕೆ ಬರೋಣ. ತಾಮ್ರ, ಸೀಸ, ಸತು ಇವನ್ನೆಲ್ಲ ಗಣಿಯವರು ಬೇಸ್ ಮೆಟಲ್ ಅಂತಾರೆ. ಚಿನ್ನ ಬೆಳ್ಳಿಯ ಹಾಗೆ ಮೆರೆಯಲ್ಲ, ಗಾಳಿ ನೀರು ತಾಕಿದರೆ ಬಣ್ಣಗೆಡುತ್ತವೆ, ಅದಿರಿನಲ್ಲಿ ಬಹುಪಾಲು ಗಂಧಕದ ಜೊತೆ ಸೇರಿಕೊಂಡೇ ಇರುತ್ತವೆ. ಬಳ್ಳಾರಿ ಪಕ್ಕದಲ್ಲಿ ಇಂಗ್ಲಿಷರು ಕಾಪರ್ ಮೌಂಟನ್ ಅಂತ ಕರೆದ ಬೆಟ್ಟ ಒಂದಿದೆ. ಹೈದರಾಲಿ ಕಾಲದಲ್ಲಿ ಅಲ್ಲಿ ತಾಮ್ರ ತೆಗೆಯೋಕೆ ಹೋಗಿ, ಖರ್ಚು ಗಿಟ್ಟದೆ ಬಿಟ್ಟರು ಅನ್ನೋದು ಹಳೇ ಮಾತು. ಫೂಟ್ ಆ ಬೆಟ್ಟವನ್ನೂ ಸೇರಿಸಿ ಬಳ್ಳಾರಿ ಜಿಲ್ಲೆಯನ್ನು ಪೂರ್ತಿ ನೋಡಿ 1895ರಲ್ಲಿ ಇನ್ನೊಂದು ದೊಡ್ಡ ವರದಿ ಕೊಟ್ಟರು. ಆ ಬೆಟ್ಟದ ಕಪ್ಪು ಕಲ್ಲಿನ ಪಟ್ಟಿಗೆ ಕಾಪರ್ ಮೌಂಟನ್ ಪಟ್ಟಿ ಅಂತಲೇ ಹೆಸರು ಬಿತ್ತು. ಹೆಸರಲ್ಲಿ ತಾಮ್ರ ಉಳಿಯಿತು, ಗಣಿ ಮಾತ್ರ ಬರಲಿಲ್ಲ. ಅದೇ ವರದಿಯಲ್ಲಿ ಸಂಡೂರು ಬೆಟ್ಟಗಳ ಕಬ್ಬಿಣದ ಅದಿರು ಎಷ್ಟು ಭಾರಿ, ಎಷ್ಟು ಶ್ರೀಮಂತ ಅಂತಲೂ ಬರೆದರು. ಆ ಬೆಟ್ಟಗಳಿಗೆ ನೂರು ವರ್ಷದ ಮೇಲೆ ಏನಾಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಯಾಕೆ ಗಣಿಗಾರಿಕೆ ನಿಲ್ಲಿಸಬೇಕಾಯಿತು ಅನ್ನೋದು ನಮ್ಮ ಕಾಲದ್ದೇ ಕಥೆ. ನಕ್ಷೆ ಬರೆದವರು ಅದನ್ನು ಯಾರು ಹೇಗೆ ಓದ್ತಾರೆ ಅಂತ ಕಾವಲು ಕೂರೋಕಾಗಲ್ಲ.

ಇಂಗಳದಾಳಿನ ತಾಮ್ರವನ್ನು ಫೂಟ್ ಕಂಡುಹಿಡಿಯಲಿಲ್ಲ. ಅಲ್ಲಿ ಅವರಿಗಿಂತ ಎಷ್ಟೋ ಹಿಂದಿನವರು ಅಗೆದ ಗುಂಡಿಗಳೇ ಇದ್ದವು. ಚಿತ್ರದುರ್ಗಕ್ಕೆ ಹೋದವರು ನೆನಪು ಮಾಡ್ಕೊಳ್ಳಿ: ಕೋಟೆ ಇರುವ ಬಂಡೆಗಳು ದುಂಡದುಂಡಗೆ, ಬೂದು ಬಣ್ಣ, ಗ್ರಾನೈಟು. ಗಾಳಿಯಂತ್ರ ತಿರುಗುವ ಬೆಟ್ಟಗಳು ಉದ್ದಕ್ಕೆ ಸಾಲಾಗಿ, ಕಪ್ಪಗೆ. ಅವು ಧಾರವಾಡ ಕಲ್ಲು. ಸುಮಾರು 270 ಕೋಟಿ ವರ್ಷದ ಹಿಂದೆ ಅಲ್ಲಿ ಸಮುದ್ರ. ಸಮುದ್ರದ ತಳದಲ್ಲಿ ಜ್ವಾಲಾಮುಖಿ ಉಕ್ಕಿ, ಲಾವಾ ತಣ್ಣೀರು ತಾಕಿ ದಿಂಬುದಿಂಬಾಗಿ ಗಟ್ಟಿಯಾಯಿತು. ಆ ದಿಂಬುಗಳನ್ನು ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ಈಗಲೂ ನೋಡಬಹುದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ಕಾದ ಲಾವಾದ ಬಿರುಕುಗಳಲ್ಲಿ ಸಮುದ್ರದ ನೀರು ಇಳಿದು, ಬಿಸಿಯಾಗಿ, ಕಲ್ಲಿನ ತಾಮ್ರ ಕಬ್ಬಿಣವನ್ನು ಕರಗಿಸಿಕೊಂಡು ಮೇಲೆ ಬಂದು ಗಂಧಕದ ಜೊತೆ ಕೂಡಿ ಕೂತಿತು. ತಾಮ್ರ, ಕಬ್ಬಿಣ, ಗಂಧಕ ಮೂರೂ ಸೇರಿದ ಹಿತ್ತಾಳೆ ಬಣ್ಣದ ಖನಿಜ ಚಾಲ್ಕೊಪೈರೈಟ್. ಅದರ ಜೊತೆ ಪೈರೈಟ್ ರಾಶಿ. ಮೇಲ್ಮೈಯಲ್ಲಿ ಇದೆಲ್ಲ ಮಳೆಗೆ ಕೊಳೆತು ತುಕ್ಕಿನ ಬಣ್ಣದ ಟೊಪ್ಪಿಗೆಯಾಗುತ್ತೆ, ಅಲ್ಲಲ್ಲಿ ಹಸಿರು ಕಲೆ. ಹಳಬರು ಆ ಹಸಿರು ಕಲೆ ಹಿಡಿದೇ ಅಗೆದಿದ್ದು. ಇಪ್ಪತ್ತನೇ ಶತಮಾನದಲ್ಲಿ ಸರ್ಕಾರಿ ಇಲಾಖೆಗಳ ಭೂವಿಜ್ಞಾನಿಗಳು ಬಂದು ಹಳೇ ಗುಂಡಿಗಳನ್ನು ನೋಡಿ, ಡ್ರಿಲ್ ಹಾಕಿ ಆಳದ ಅದಿರು ಅಳೆದರು. ಆಮೇಲೆ ಗಣಿ ಶುರುವಾಗಿ, ಮುಂದೆ ಹಟ್ಟಿ ಚಿನ್ನದ ಗಣಿ ಕಂಪನಿಯ ಕೈಗೆ ಬಂದು, ಕೊನೆಗೆ ನಿಂತಿತು. ಅದಿರು ಇದ್ದರೂ ತೆಗೆದದ್ದು ಗಿಟ್ಟಬೇಕಲ್ಲ, ಹೈದರಾಲಿ ಕಾಲದ ಕಷ್ಟವೇ ಮತ್ತೆ.

ಹೀಗೆ ಯಾರು ಬಂದರೂ ಮೊದಲು ಹರಡಿಕೊಂಡಿದ್ದು ಧಾರವಾಡ ಪಟ್ಟಿಗಳ ನಕ್ಷೆ. ಅದನ್ನು ತಿದ್ದಿದ್ದಾರೆ, ಗೆರೆ ಸರಿಸಿದ್ದಾರೆ, ಆದರೆ ಯಾರೂ ಎಸೆದಿಲ್ಲ.

ತಿದ್ದಿದವರ ವಿಷಯ ಸ್ವಲ್ಪ ಹೇಳಲೇಬೇಕು, ಜಗಳ ಚೆನ್ನಾಗಿದೆ. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆದಾಗ ಆರಂಭದ ಹೊಣೆ ನಿವೃತ್ತ ಫೂಟ್‌ಗೆ ಬಂತು. ಅದಕ್ಕೆ ಮುಂಚೆ ಬರೋಡಾ ಸಂಸ್ಥಾನಕ್ಕೂ ಕೆಲಸ ಮಾಡಿದ್ದರು. 1898ರಲ್ಲಿ ಇಲಾಖೆಗೆ ಡಬ್ಲ್ಯು. ಎಫ್. ಸ್ಮೀತ್ ಬಂದರು. ಫೂಟ್ ಪ್ರಕಾರ ನೈಸ್ ಹಳೆಯದು, ಅದರ ಮೇಲೆ ಧಾರವಾಡ ಕಲ್ಲುಗಳು ಆಮೇಲೆ ಕೂತವು. ಸ್ಮೀತ್ ತಂಡ ಇಲ್ಲ ಅಂತು. ಧಾರವಾಡವೇ ಹಳೆಯದು, ನೈಸ್ ಕರಗಿದ ಸ್ಥಿತಿಯಲ್ಲಿ ಆಮೇಲೆ ಅದರೊಳಗೆ ನುಗ್ಗಿತು ಅಂತ ವಾದ. ಲಾಲ್‌ಬಾಗಿನ ಕಲ್ಲಿಗೆ ಪೆನಿನ್ಸುಲಾರ್ ನೈಸ್ ಅನ್ನೋ ಹೆಸರು 1916ರಲ್ಲಿ ಕೊಟ್ಟಿದ್ದೂ ಸ್ಮೀತ್ ಅವರೇ. ಧಾರವಾಡ ಪಟ್ಟಿಯಲ್ಲಿ ಉರುಟು ಕಲ್ಲುಗಳು ಸೇರಿ ಗಟ್ಟಿಯಾದ ಪದರಗಳಿವೆ. ನದಿಯೋ ಸಮುದ್ರವೋ ಉರುಳಿಸಿದ ಗುಂಡುಗಳು ಅವು ಅನ್ನೋದಾದರೆ ಪಟ್ಟಿಗಿಂತ ಹಳೇ ನೆಲ ಒಂದು ಇತ್ತು ಅಂತ ಅರ್ಥ, ಗುಂಡು ಬರೋಕೆ ಬಂಡೆ ಮೊದಲು ಬೇಕಲ್ಲ. ಮೈಸೂರು ಇಲಾಖೆಯವರು ಅವುಗಳಲ್ಲಿ ಎಷ್ಟೋ ಪದರಗಳು ಭೂಮಿಯ ಒತ್ತಡಕ್ಕೆ ಪುಡಿಯಾಗಿ ಉರುಟಾದವು ಅಷ್ಟೇ ಅಂದರು. ದಶಕಗಳ ಕಾಲ ಸ್ಮೀತ್ ಮಾತೇ ನಡೆಯಿತು. ಮುಂದೆ ಬಿ. ರಾಮರಾವ್ ಅವರಂಥವರು ಅದೇ ಇಲಾಖೆಯೊಳಗಿದ್ದೇ ಧಾರವಾಡದಲ್ಲಿ ನೀರಿನಡಿ ಕೂತ ಪದರಗಳು ನಿಜವಾಗಿಯೂ ಇವೆ ಅಂತ ತೋರಿಸಿದರು. ವಯಸ್ಸು ಅಳೆಯುವ ಯಂತ್ರ ಬಂದ ಮೇಲೆ ಗೊತ್ತಾಗಿದ್ದು ಇಬ್ಬರಲ್ಲೂ ಸತ್ಯ ಇತ್ತು ಅಂತ: ಧಾರವಾಡದ ಕೆಳಗೆ ಅದಕ್ಕಿಂತ ಹಳೇ ನೈಸ್ ಇದೆ, ಧಾರವಾಡದ ಒಳಗೆ ನುಗ್ಗಿದ ಹೊಸ ಗ್ರಾನೈಟೂ ಇದೆ. ಯಂತ್ರವಿಲ್ಲದ ಕಾಲದಲ್ಲಿ ಕಣ್ಣಲ್ಲೇ ನೋಡಿ ಫೂಟ್ ಹೇಳಿದ್ದು ಇಷ್ಟರಮಟ್ಟಿಗೆ ನಿಂತಿದ್ದು ಸಣ್ಣ ವಿಷಯ ಅಲ್ಲ ಅನ್ನೋದು ನಮ್ಮ ಅಭಿಪ್ರಾಯ.

ಅದಿರು ಹುಡುಕಲು ಹೋದ ಕಡೆಯೆಲ್ಲ ಅವರು ಮನುಷ್ಯರ ಕೈ ತಾಕಿದ ಕಲ್ಲನ್ನೂ ಆರಿಸಿದರು. ಬಳ್ಳಾರಿ ಹತ್ತಿರದ ಸಂಗನಕಲ್ಲು, ಕುಪ್ಪಗಲ್ಲು ಬೆಟ್ಟಗಳಲ್ಲಿ ಹೊಸ ಶಿಲಾಯುಗದವರು ಕೊಡಲಿ ತಯಾರಿಸುತ್ತಿದ್ದ ಜಾಗ ಗುರುತಿಸಿದರು. ಚಕ್ಕೆ, ಅರ್ಧ ಮಾಡಿ ಬಿಟ್ಟದ್ದು, ಉಜ್ಜಿ ನಯ ಮಾಡಿದ್ದು ಎಲ್ಲ ಒಂದೇ ಕಡೆ. ಅಂದರೆ ಫ್ಯಾಕ್ಟರಿ, ನಮ್ಮ ಪೀಣ್ಯದ ಮುತ್ತಜ್ಜಿ. ಕೊಡಲಿಗೆ ಬಳಸಿದ ಕಪ್ಪು ಕಲ್ಲು ಆ ಬೆಟ್ಟದ್ದೇ. ಆ ಕಡೆಯ ಬೂದಿ ಗುಡ್ಡಗಳ ಬಗ್ಗೆ ರಾಕ್ಷಸರ ಕಥೆ, ಯಜ್ಞದ ಕಥೆ ಬೇಕಾದಷ್ಟಿದ್ದವು. ಅದು ದನದ ದೊಡ್ಡಿಯ ಸಗಣಿ ಸುಟ್ಟ ಬೂದಿ, ಹೊಸ ಶಿಲಾಯುಗದವರದ್ದು, ಅಂತ ಫೂಟ್ ಹೇಳಿದರು. ಸರಿಯಾಗಿ ಅಗೆದು ಅದು ಹೌದು ಅಂತ ಖಚಿತವಾಗಿದ್ದು ಇಪ್ಪತ್ತನೇ ಶತಮಾನದ ನಡುವೆ. ಈಗ ಆ ಕುಪ್ಪಗಲ್ಲು ಬೆಟ್ಟವನ್ನೇ ಜಲ್ಲಿಗೆ ಅಂತ ಒಡೆದು ಹಾನಿ ಮಾಡಿದ್ದಾರೆ. ರಸ್ತೆಗೆ, ಕಾಂಕ್ರೀಟಿಗೆ ಜಲ್ಲಿ ಬೇಕು, ನಾವೇ ನಾಳೆ ಅದಕ್ಕೆ ಆರ್ಡರ್ ಹಾಕುವವರು.

ನಿವೃತ್ತಿಯ ನಂತರ ಫೂಟ್ ಇದ್ದದ್ದು ಸೇಲಂ ಹತ್ತಿರದ ಯರ್ಕಾಡ್ ಬೆಟ್ಟದ ಮೇಲೆ. 40 ವರ್ಷದಲ್ಲಿ ಕೂಡಿಸಿದ್ದ ಶಿಲಾಯುಗದ ಸಂಗ್ರಹವನ್ನು 1904ರಲ್ಲಿ ಮದ್ರಾಸ್ ಮ್ಯೂಸಿಯಂ ಕೊಂಡುಕೊಂಡಿತು. ಇಂಗ್ಲೆಂಡಿಗೆ ಹೋಗಬಹುದಾಗಿದ್ದ ಸರಕು ಇಲ್ಲೇ ಉಳಿಯಿತು. ಅದಾದ ಮೇಲೆ ಒಂದೊಂದಕ್ಕೂ ನಂಬರ್ ಹಾಕಿ, ಎಲ್ಲಿ ಸಿಕ್ಕಿತು, ಯಾವ ಕಲ್ಲು ಅಂತ ಪಟ್ಟಿ ಮಾಡುತ್ತಾ ಕೂತರು. ನಾನೂರಕ್ಕೂ ಹೆಚ್ಚು ಜಾಗಗಳು, ಅದರಲ್ಲಿ ನಮ್ಮ ಬಳ್ಳಾರಿ, ರಾಯಚೂರು, ಮೈಸೂರು ಸೀಮೆಯ ಹಳ್ಳಿಗಳು ಎಷ್ಟೋ. ಪಟ್ಟಿ ಅಚ್ಚಾಗಿ ಬರುವುದನ್ನು ಅವರು ನೋಡಲಿಲ್ಲ. 1912ರ ಡಿಸೆಂಬರ್ 29ರಂದು ಕಲ್ಕತ್ತಾದಲ್ಲಿ ತೀರಿಕೊಂಡರು. ಅಸ್ಥಿ ಯರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿಗೆ ಬಂತು. ಕ್ಯಾಟಲಾಗಿನ ಮೊದಲ ಭಾಗ 1914ರಲ್ಲಿ, ಕಾಲ ಮತ್ತು ಹರಡುವಿಕೆಯ ಟಿಪ್ಪಣಿಗಳ ಭಾಗ 1916ರಲ್ಲಿ ಹೊರಬಂತು. ಕಲ್ಲುಗಳು ಚೆನ್ನೈನ ಎಗ್ಮೋರ್ ಮ್ಯೂಸಿಯಂನಲ್ಲಿವೆ.